ಗಾಡಿ ಕೆಟ್ಟಿದ್ದು ನಮ್ಮ ನೆಲದಲ್ಲಿ, ನೆರವಿನ ದನಿ ಪರಭಾಷೆಯಲ್ಲಿ!



ದುಡ್ಡು ನಿಮ್ಮದು. ಗಾಡಿ ನಿಮ್ಮದು. ಗಾಡಿ ಓಡುವ ರಸ್ತೆ ಕರ್ನಾಟಕದ್ದು. ಕೆಟ್ಟು ನಿಂತ ಗಾಡಿಯನ್ನು ಎಳೆದುಕೊಂಡು ಹೋಗಲು ಬರುವ ಹುಡುಗ ಕನ್ನಡದವನು. ಅವನ ಕ್ರೇನ್ ನಿಂತಿರುವುದು ಧಾರವಾಡದಲ್ಲೋ ಹುಬ್ಬಳ್ಳಿಯಲ್ಲೋ. ಆದರೆ ನಿಮಗೂ ಅವನಿಗೂ ನಡುವೆ ಒಂದು ಟೆಲಿಫೋನು ಇದೆಯಲ್ಲ, ಆ ಟೆಲಿಫೋನಿಗೆ ಮಾತ್ರ ಕನ್ನಡ ಬರುವುದಿಲ್ಲ!

ಇದು ಯಾವ ಸೀಮೆಯ ನ್ಯಾಯ ಸ್ವಾಮೀ?

ನಾವು ಹೇಳುತ್ತಿರುವುದು ‘ರೋಡ್‌ಸೈಡ್ ಅಸಿಸ್ಟೆನ್ಸ್’ ಎಂಬ ವ್ಯಾಪಾರದ ಬಗ್ಗೆ. ಕನ್ನಡದಲ್ಲಿ ಹೇಳುವುದಾದರೆ ರಸ್ತೆಬದಿ ನೆರವು. ಗಾಡಿ ದಾರಿಯಲ್ಲಿ ಕೈಕೊಟ್ಟರೆ ಒಂದು ನಂಬರಿಗೆ ಫೋನ್ ಮಾಡಿ, ನಾವು ಬಂದು ರಿಪೇರಿ ಮಾಡುತ್ತೇವೆ, ಇಲ್ಲವಾದರೆ ಗ್ಯಾರೇಜಿಗೆ ಎಳೆದುಕೊಂಡು ಹೋಗುತ್ತೇವೆ, ಅದಕ್ಕೆ ವರ್ಷಕ್ಕೆ ಇಷ್ಟು ಹಣ ಕಟ್ಟಿ ಎನ್ನುವ ಕರಾರು. ವಿಮಾ ಕಂಪನಿಗಳು ಇದನ್ನು ಪಾಲಿಸಿಯ ಬಾಲಕ್ಕೆ ಕಟ್ಟಿ ಮಾರುತ್ತವೆ. ಗಾಡಿ ತಯಾರಿಸುವವರು ಶೋರೂಮಿನಲ್ಲಿ ಮಾರುತ್ತಾರೆ. ಇದನ್ನೇ ಕಸುಬು ಮಾಡಿಕೊಂಡ ಕಂಪನಿಗಳು ಬೇರೆ ಇವೆ. ನೆರವು ಬೇಕು, ಒಳ್ಳೆಯದೇ. ನಮ್ಮ ತಕರಾರು ನೆರವಿನ ಮೇಲಲ್ಲ. ಅದನ್ನು ಮಾರುವ ರೀತಿಯ ಮೇಲೆ.

ಕೊಲ್ಲಾರಿ ಬಂಡಿಯಿಂದ ಮನೆಗಾಡಿಯವರೆಗೆ

ಈಗ ‘ಮೋಟಾರ್ ಹೋಮ್’ ಎಂಬ ಮಾತು ಕೇಳಿಬರುತ್ತಿದೆ. ಒಳಗೇ ಮಲಗುವ ಹಾಸಿಗೆ, ಅಡಿಗೆಯ ಒಲೆ, ನೀರಿನ ಟಾಕಿ ಇರುವ ಮನೆಗಾಡಿ. ಪಕ್ಕದ ಕೇರಳ ಸರ್ಕಾರ 2021ರಲ್ಲಿ ‘ಕೆರವಾನ್ ಕೇರಳ’ ಎಂದು ಇದಕ್ಕೊಂದು ಹೆಸರು ಕೊಟ್ಟು ಪ್ರವಾಸಿಗರನ್ನು ಕರೆಯಿತು. ನಮ್ಮಲ್ಲೂ ಟೆಂಪೋ ಟ್ರಾವೆಲರ್ ಚಾಸಿಯ ಮೇಲೆ ಮನೆ ಕಟ್ಟಿಸಿಕೊಂಡು ಊರೂರು ಸುತ್ತುವವರು ಕಾಣುತ್ತಿದ್ದಾರೆ.

ಆದರೆ ಇದು ನಮ್ಮ ಕಡೆಯ ಜನಕ್ಕೆ ಹೊಸದೇ? ಧಾರವಾಡ ತಾಲ್ಲೂಕಿನ ಉಪ್ಪಿನಬೆಟಗೇರಿಯ ಹಿರಿಯರನ್ನು ಕೇಳಿ ನೋಡಿ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಬಂತೆಂದರೆ ಕೊಲ್ಲಾರಿ ಬಂಡಿಗೆ ಸವಾರಿ ಕಟ್ಟಿ, ಒಳಗೆ ಹುಲ್ಲು ಹಾಸಿ ಮೇಲೆ ಜಮಖಾನ ಬಿಡಿಸಿ, ರೊಟ್ಟಿ ಬುತ್ತಿ, ಭಾಂಡೆ ಸಾಮಾನು, ಎತ್ತಿಗೆ ಕಣಿಕೆ ಎಲ್ಲ ಹೇರಿಕೊಂಡು ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೊರಟ ಜನ ಇವರು. ಬಂಡಿಯೇ ಮನೆ, ಬಂಡಿಯ ಕೆಳಗೇ ಒಲೆ. ಆ ಬಂಡಿಯ ಜಾಗಕ್ಕೆ ಇವತ್ತು ಟ್ರ್ಯಾಕ್ಟರ್ ಟ್ರೇಲರ್, ಟಂಟಂ, ಕ್ರೂಸರ್, ಟೆಂಪೋ ಬಂದಿವೆ. ಮೇಲೆ ತಾಡಪತ್ರಿ, ಒಳಗೆ ಮೂರು ತಲೆಮಾರು. ಶ್ರೀಮಂತರ ಮೋಟಾರ್ ಹೋಮಿಗೆ ಹವಾನಿಯಂತ್ರಣ ಇದೆ, ನಮ್ಮದಕ್ಕೆ ಗಾಳಿ ಇದೆ. ಅಷ್ಟೇ ವ್ಯತ್ಯಾಸ!

ಅಂದು ಬಂಡಿಯ ಅಚ್ಚು ಮುರಿದರೆ ಹತ್ತಿರದ ಊರಿನ ಬಡಿಗನನ್ನು ಕೂಗುತ್ತಿದ್ದರು. ಹಳಿ ಸಡಿಲಾದರೆ ಕಮ್ಮಾರ. “ಏನಾತಪಾ?” ಎಂದು ಕೇಳುತ್ತಲೇ ಆತ ಬರುತ್ತಿದ್ದ. ಮುಂಗಡ ಹಣ ಇರಲಿಲ್ಲ. ಗ್ರಾಹಕ ಸಂಖ್ಯೆ ಇರಲಿಲ್ಲ. ಕಷ್ಟ ಹೇಳಿಕೊಳ್ಳಲು ಇನ್ನೊಂದು ಭಾಷೆ ಕಲಿಯಬೇಕಾಗಿರಲಿಲ್ಲ!

ಬೆಟಗೇರಿ ಯಾವುದು ಅಂತ ಗೊತ್ತೇ ನಿಮಗೆ?

ಈಗ ಒಂದು ರಾತ್ರಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಹೊತ್ತು ಹತ್ತು ಗಂಟೆ. ಗುಡ್ಡದಿಂದ ಮರಳುವ ಗಾಡಿ. ಒಳಗೆ ಮುದುಕಿ, ಬಾಣಂತಿ, ಮಕ್ಕಳು. ಉಪ್ಪಿನಬೆಟಗೇರಿ ದಾಟಿದ ಮೇಲೆ ಎಂಜಿನ್ ಬಂದ್. ಗಾಡಿಯವನು ಪಾಲಿಸಿ ಹಾಳೆ ಹುಡುಕಿ ನಂಬರಿಗೆ ಫೋನ್ ಹಚ್ಚುತ್ತಾನೆ. ಇಂಗ್ಲಿಷಿಗೆ ಒಂದು ಒತ್ತಿ, ಹಿಂದಿಗೆ ಎರಡು ಒತ್ತಿ. ಮೂರನೆಯದು ಎಲ್ಲಿ? ಮೂರನೆಯದು ಇಲ್ಲ. ಗತಿಯಿಲ್ಲದೆ ಎರಡು ಒತ್ತುತ್ತಾನೆ.

“ರೀ, ನಮ್ಮ ಗಾಡಿ ಬಂದ್ ಬಿದ್ದೈತ್ರೀ...”

“ಆಪ್ ಕಾ ಲೊಕೇಶನ್ ಬತಾಯಿಯೇ.”

“ಉಪ್ಪಿನಬೆಟಗೇರಿ ದಾಟೇವ್ರೀ. ಧಾರವಾಡದ ಕಡೆ ಮಾರಿ ಮಾಡಿ ನಿಂತೇವಿ. ಬಾಜೂಕ ಜ್ವಾಳದ ಹೊಲ ಐತಿ, ಮುಂದ ಒಂದು ಬನ್ನಿ ಗಿಡ ಐತಿ ನೋಡ್ರಿ.”

“ಸರ್, ಪಿನ್‌ಕೋಡ್ ಬತಾಯಿಯೇ.”

ಕತ್ತಲಲ್ಲಿ, ಹೊಲದ ಬದುವಿನಲ್ಲಿ, ಪಿನ್‌ಕೋಡ್! ಅವನೇನು ಪತ್ರ ಬರೆಯುತ್ತಿದ್ದಾನೆಯೇ?

ನಗಬೇಡಿ. ಮುಂದೆ ಆಗುವುದು ನಗೆಯ ಮಾತಲ್ಲ. ದೂರದ ನಗರದಲ್ಲಿ ಕೂತ ಆ ಹುಡುಗನ ಕಿವಿಗೆ ಬಿದ್ದಿದ್ದು ‘ಬೆಟಗೇರಿ’ ಎಂಬ ಒಂದೇ ಶಬ್ದ. ಕರ್ನಾಟಕದಲ್ಲಿ ಬೆಟಗೇರಿ ಎಷ್ಟಿವೆ ಎಂದು ಅವನಿಗೇನು ಗೊತ್ತು? ಗದಗಿನ ಜೋಡಿ ನಗರ ಒಂದು ಬೆಟಗೇರಿ. ಆನಂದಕಂದ ಬೆಟಗೇರಿ ಕೃಷ್ಣಶರ್ಮರ ಹುಟ್ಟೂರು, ಗೋಕಾಕ ತಾಲ್ಲೂಕಿನದು, ಇನ್ನೊಂದು ಬೆಟಗೇರಿ. ನಮ್ಮದು ಉಪ್ಪಿನಬೆಟಗೇರಿ. ಮೂರೂ ಮೂರು ಬೇರೆ ಜಿಲ್ಲೆಗಳಲ್ಲಿವೆ. ‘ಉಪ್ಪಿನ’ ಎಂಬ ಮೂರು ಅಕ್ಷರ ಕಿವಿಯಿಂದ ಜಾರಿದರೆ ಕ್ರೇನ್ ಇನ್ನೊಂದು ಜಿಲ್ಲೆಗೆ ಹೊರಡುತ್ತದೆ! ಕನ್ನಡದಲ್ಲಿ ನಮ್ಮೂರಿಗೆ ಒಂದೇ ಕಾಗುಣಿತ. ಇಂಗ್ಲಿಷಿನಲ್ಲಿ ಬರೆಯಲು ಹೊರಟರೆ ಬರೆದವರಿಗೊಂದು ರೂಪ. ಕಂಪ್ಯೂಟರಿನ ಪಟ್ಟಿಯಲ್ಲಿ ಯಾವ ರೂಪ ಇದೆಯೋ ಆ ದೇವರೇ ಬಲ್ಲ.

ಕನ್ನಡ ಬಲ್ಲ ಒಬ್ಬ ಹುಡುಗಿ ಆ ಕುರ್ಚಿಯಲ್ಲಿ ಕೂತಿದ್ದರೆ? “ಯಾವ ಬೆಟಗೇರಿ ಅಣ್ಣಾರ? ಗದಗಿಂದೋ, ಧಾರವಾಡದ್ದೋ?” ಒಂದೇ ಪ್ರಶ್ನೆ. ಕೆಲಸ ಮುಗಿಯಿತು.

ಇದು ಬರೀ ಅಭಿಮಾನದ ಮಾತಲ್ಲ, ಪ್ರಾಣದ ಮಾತು. ಕತ್ತಲಲ್ಲಿ ಕೆಟ್ಟು ನಿಂತ ಗಾಡಿ ಎಂದರೆ ಹಿಂದಿನಿಂದ ಬರುವ ಲಾರಿಗೆ ಅಡ್ಡವಾದ ಬಂಡೆ. 2021ರ ಜನವರಿ 15ರ ಬೆಳಿಗ್ಗೆ ಧಾರವಾಡದ ಪಕ್ಕದ ಇಟಿಗಟ್ಟಿ ಬಳಿ ಟೆಂಪೋ ಟ್ರಾವೆಲರ್‌ಗೂ ಟಿಪ್ಪರಿಗೂ ಡಿಕ್ಕಿಯಾಗಿ, ಗೋವೆಗೆ ಹೊರಟಿದ್ದ ದಾವಣಗೆರೆಯ ಗೆಳತಿಯರು ಸೇರಿ ಹತ್ತಕ್ಕೂ ಹೆಚ್ಚು ಜನ ಸತ್ತಿದ್ದನ್ನು ಈ ಜಿಲ್ಲೆ ಮರೆತಿಲ್ಲ. ಅಲ್ಲಿ ಗಾಡಿ ಕೆಟ್ಟು ನಿಂತಿರಲಿಲ್ಲ, ನಿಜ. ಆದರೆ ನಮ್ಮ ರಸ್ತೆಗಳು ಎಂಥವು ಎಂಬುದನ್ನು ಅದು ತೋರಿಸಿತು. ಇಂಥ ರಸ್ತೆಯ ಮೇಲೆ, ಮಾತು ತಿಳಿಯದೆ ಕಳೆದುಹೋಗುವ ಪ್ರತಿ ನಿಮಿಷಕ್ಕೂ ಬೆಲೆ ಇದೆ.

ಮಾರುವ ಸರಕೇ ಮಾತು!

ಈ ಕಂಪನಿಗಳು ನಿಜವಾಗಿ ಮಾರುವುದೇನು? ಕ್ರೇನು ಬಹುಮಟ್ಟಿಗೆ ಅವರದಲ್ಲ, ಸ್ಥಳೀಯ ಮಾಲೀಕನದು. ಮೆಕ್ಯಾನಿಕ್ ಅವರ ಸಂಬಳದವನಲ್ಲ, ಗುತ್ತಿಗೆಯವನು. ಹಾಗಾದರೆ ಅವರದ್ದು ಎಂಬುದು ಏನಿದೆ? ಒಂದು ಫೋನು, ಒಂದು ಪಟ್ಟಿ. ಕಷ್ಟದಲ್ಲಿರುವವನ ಮಾತು ಕೇಳಿಸಿಕೊಂಡು ಸಹಾಯ ಮಾಡುವವನಿಗೆ ಮುಟ್ಟಿಸುವುದು, ಇದಿಷ್ಟೇ ಅವರ ಕಸುಬು. ಎಂದರೆ ಅವರು ಮಾರುವ ಸರಕೇ ಮಾತು! ಆ ಮಾತೇ ಗಿರಾಕಿಗೆ ತಿಳಿಯದ ಭಾಷೆಯಲ್ಲಿದ್ದರೆ ಅದು ತೂತು ಬಿದ್ದ ಕೊಡ ಮಾರಿದಂತೆ. ಕೊಡ ಮಾರಿ ಹಣ ತೆಗೆದುಕೊಂಡು, ನೀರು ನಿಲ್ಲದಿದ್ದರೆ ನಿಮ್ಮ ಹಣೆಬರಹ ಎಂದರೆ ಕೇಳಿಕೊಂಡು ಸುಮ್ಮನಿರಬೇಕೇ?

“ಕನ್ನಡದವರನ್ನು ಇಟ್ಟುಕೊಂಡರೆ ಖರ್ಚು ಹೆಚ್ಚು” ಎಂಬ ಸಬೂಬು ಬೇಡ. ಇದೇ ಕಂಪನಿಗಳ ಜಾಹೀರಾತು ಟಿ.ವಿ.ಯಲ್ಲಿ ಬರುವುದು ಯಾವ ಭಾಷೆಯಲ್ಲಿ? ಸ್ವಚ್ಛ ಕನ್ನಡದಲ್ಲಿ! ಪಾಲಿಸಿ ಮಾರಲು ಊರಿಗೆ ಬರುವ ಏಜೆಂಟ್ ಮಾತಾಡುವುದು ಯಾವ ಭಾಷೆಯಲ್ಲಿ? ನಮ್ಮ ಧಾರವಾಡದ ಕನ್ನಡದಲ್ಲಿ! ಹಣ ಕೇಳುವಾಗ ಕನ್ನಡ ಬರುತ್ತದೆ, ಹಣಕ್ಕೆ ಕೆಲಸ ಮಾಡಿ ಎಂದಾಗ ಮರೆತುಹೋಗುತ್ತದೆ. ಮಾರುವಾಗ ಕನ್ನಡ, ಕೊಡುವಾಗ ಪರಭಾಷೆ. ಇದಕ್ಕೆ ವ್ಯಾಪಾರ ಅನ್ನುತ್ತಾರೋ, ಠಕ್ಕು ಅನ್ನುತ್ತಾರೋ?

ಆಗುವುದಿಲ್ಲ ಎನ್ನುವವರು ನಮ್ಮ ರಾಜ್ಯವನ್ನೇ ನೋಡಲಿ. 2008ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನವೇ, ಕರ್ನಾಟಕದಲ್ಲಿ 108 ಆಂಬುಲೆನ್ಸ್ ಸೇವೆ ಶುರುವಾಯಿತು. ಹಳ್ಳಿಯ ಮುದುಕಿ ಫೋನ್ ಮಾಡಿದರೂ ಆಕೆಯ ಕನ್ನಡ ಅಲ್ಲಿಗೆ ತಿಳಿಯುತ್ತದೆ. ಹುಬ್ಬಳ್ಳಿಯಲ್ಲೇ ಕೇಂದ್ರ ಕಚೇರಿ ಇರುವ ವಾಯವ್ಯ ಕರ್ನಾಟಕ ಸಾರಿಗೆ ಸಂಸ್ಥೆಯ ಬಸ್ಸು ದಾರಿಯಲ್ಲಿ ಕೆಟ್ಟರೆ ಕಂಡಕ್ಟರ್ ಕೆಳಗಿಳಿದು ಹಿಂದಿನ ಬಸ್ಸಿಗೆ ಕೈ ಮಾಡಿ ಜನರನ್ನು ಹತ್ತಿಸುತ್ತಾನೆ. ಪಿನ್‌ಕೋಡ್ ಕೇಳುವುದಿಲ್ಲ!

ಎಲ್ಲ ಕಂಪನಿಗಳೂ ಒಂದೇ ಎಂದು ನಾವು ಹೇಳುವುದಿಲ್ಲ. ಕನ್ನಡದ ಗುಂಡಿ ಇಟ್ಟವರೂ ಇದ್ದಾರೆ. ಅವರನ್ನು ಮೆಚ್ಚೋಣ. ಆದರೆ ಗುಂಡಿ ಒತ್ತಿದ ಮೇಲೆ ಕನ್ನಡದ ಮನುಷ್ಯ ಸಿಗುತ್ತಾನೋ, ಕನ್ನಡದಲ್ಲಿ ರೆಕಾರ್ಡ್ ಮಾಡಿದ ಸಂಗೀತ ಸಿಗುತ್ತದೋ, ಅದನ್ನು ಪರೀಕ್ಷಿಸಬೇಕು.

ಇರುವೆ ಅಕ್ಷರದ ಕರಾರು

ಫೋನಿನ ಕತೆ ಹೀಗಾದರೆ ಕಾಗದದ ಕತೆ ಇನ್ನೂ ಸೊಗಸು. ಕರಾರಿನ ಷರತ್ತುಗಳು ಇಂಗ್ಲಿಷಿನಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ. ಅದರಲ್ಲಿ ಸಾಮಾನ್ಯವಾಗಿ ಅಡಗಿ ಕೂತಿರುವ ಸಂಗತಿಗಳನ್ನು ಕನ್ನಡದಲ್ಲಿ ಹೇಳುತ್ತೇವೆ, ಕೇಳಿ.

ಒಂದು, ಇದು ವಿಮೆಯ ಜೊತೆ ಬರುವ ಹೆಚ್ಚುವರಿ ಬಾಬತ್ತು. ಕಾನೂನು ಕಡ್ಡಾಯ ಮಾಡಿರುವುದು 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಮಿನ ಥರ್ಡ್ ಪಾರ್ಟಿ ವಿಮೆ ಮಾತ್ರ. ಬರೀ ಥರ್ಡ್ ಪಾರ್ಟಿ ಮಾಡಿಸಿದವರಿಗೆ ಸಾಮಾನ್ಯವಾಗಿ ಈ ಬಾಬತ್ತು ಸಿಗುವುದಿಲ್ಲ. ನಮ್ಮ ಹಳ್ಳಿಯ ಹಳೆಯ ಗಾಡಿಗಳಲ್ಲಿ ಎಷ್ಟೋ ಗಾಡಿಗಳಿಗೆ ಇರುವುದು ಅದೊಂದೇ.

ಎರಡು, ಎಳೆದುಕೊಂಡು ಹೋಗುವುದಕ್ಕೆ ದೂರದ ಮಿತಿ ಇದೆ. ಮಿತಿ ದಾಟಿದ ಪ್ರತಿ ಕಿಲೋಮೀಟರಿಗೆ ಹಣ ನಿಮ್ಮದೇ. ವರ್ಷಕ್ಕೆ ಇಷ್ಟೇ ಸಲ ಎಂಬ ಎಣಿಕೆಯೂ ಇದೆ.

ಮೂರು, ‘ಉಚಿತ ರಿಪೇರಿ’ ಎಂದರೆ ರಸ್ತೆಯ ಮೇಲೆ ಆಗುವ ಸಣ್ಣ ಕೆಲಸ. ಬ್ಯಾಟರಿಗೆ ಜೀವ ಕೊಡುವುದು, ಸ್ಟೆಪ್ನಿ ಬದಲಾಯಿಸುವುದು. ಬಿಡಿಭಾಗದ ಬೆಲೆ ಬೇರೆ. ಡೀಸೆಲ್ ತಂದುಕೊಟ್ಟರೆ ಡೀಸೆಲಿನ ಹಣ ಬೇರೆ.

ನಾಲ್ಕು, ತೂಕ! ಮನೆಗಾಡಿಯವರು ಇಲ್ಲಿ ಕಣ್ಣು ತೆರೆದು ನೋಡಬೇಕು. ಬಹಳಷ್ಟು ಯೋಜನೆಗಳು ಖಾಸಗಿ ಕಾರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದವು. ಕಾರು ಎಳೆಯುವ ಗಾಡಿ ಮನೆಗಾಡಿಯನ್ನು ಎಳೆಯಲಾರದು. ಅದಕ್ಕೆ ಭಾರಿ ಕ್ರೇನ್ ಬೇಕು. ನೋಡಬೇಕಾದ್ದು ಖಾಲಿ ಗಾಡಿಯ ತೂಕವಲ್ಲ, ಆರ್.ಸಿ.ಯಲ್ಲಿರುವ ಒಟ್ಟು ತೂಕ. ಲೈಸೆನ್ಸಿನ ಮಿತಿ ಬೇರೆ, ಯೋಜನೆಯ ಮಿತಿ ಬೇರೆ. ಲಘು ವಾಹನದ ಲೈಸೆನ್ಸ್ ಇದ್ದವರು 7,500 ಕಿಲೋ ಮೀರದ ಸಾರಿಗೆ ವಾಹನ ಓಡಿಸಬಹುದು ಎಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಓಡಿಸಬಹುದು ಎಂದ ಮಾತ್ರಕ್ಕೆ ಕಂಪನಿ ಎಳೆದುಕೊಂಡು ಹೋಗುತ್ತದೆ ಎಂದಲ್ಲ!

ಐದು, ರೂಪ ಬದಲಿಸಿದ ಗಾಡಿ. ಟೆಂಪೋ ಕೊಂಡು, ಗ್ಯಾರೇಜಿನಲ್ಲಿ ಹಾಸಿಗೆ ಒಲೆ ಕೂರಿಸಿ, ಆರ್.ಟಿ.ಓ. ಕಚೇರಿಯ ಕಡೆ ತಲೆ ಹಾಕದವರು ಹುಷಾರು. ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯ ರೂಪ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿದೆ. ಆರ್.ಸಿ.ಯಲ್ಲಿ ಒಂದು, ರಸ್ತೆಯಲ್ಲಿ ಇನ್ನೊಂದು ಇದ್ದರೆ ಕೈ ಎತ್ತಲು ಕಂಪನಿಗೆ ನೆಪ ಸಿಕ್ಕಂತೆ.

ಆರು, ‘ವಾಹನ ಸಂಚಾರಕ್ಕೆ ಯೋಗ್ಯವಾದ ರಸ್ತೆ’ ಎಂಬ ಮಾತು. ಎರೆಭೂಮಿಯಲ್ಲಿ ಮಳೆ ಬಿದ್ದ ಮೇಲೆ ಹೊಲದ ದಾರಿ ಹೇಗಿರುತ್ತದೆ ಎಂದು ನಿಮಗೆ ಗೊತ್ತು. ಗಾಲಿ ಹೂತರೆ ಕಂಪನಿ ಬರುವುದಿಲ್ಲ, ಪಕ್ಕದ ಹೊಲದ ಟ್ರ್ಯಾಕ್ಟರಿನವನೇ ಬರಬೇಕು.

ಈ ಆರು ಮಾತು ಕನ್ನಡದಲ್ಲಿ ಒಂದು ಪುಟದಲ್ಲಿ ಹಿಡಿಸುತ್ತವೆ. ನಾವು ಹಿಡಿಸಿ ತೋರಿಸಿದ್ದೇವೆ. ಕೋಟಿಗಟ್ಟಲೆ ವ್ಯವಹಾರದ ಕಂಪನಿಗಳಿಗೆ ಆ ಒಂದು ಪುಟ ಭಾರವೇ?

‘ಬಹುದು’ ಎಂಬ ಮಾಯೆ

ಕಾನೂನು ಏನು ಹೇಳುತ್ತದೆ? ವಿಮಾ ನಿಯಂತ್ರಣ ಪ್ರಾಧಿಕಾರದ 2002ರ ಗ್ರಾಹಕ ಹಿತರಕ್ಷಣೆ ನಿಯಮದಲ್ಲೇ ವಿಮೆಯ ಅರ್ಜಿ, ದಾಖಲೆಗಳನ್ನು ಸಂದರ್ಭ ನೋಡಿಕೊಂಡು ಸಂವಿಧಾನ ಒಪ್ಪಿದ ಭಾಷೆಗಳಲ್ಲಿ ಒದಗಿಸಬಹುದು ಎಂಬ ಮಾತಿತ್ತು. ಒದಗಿಸ‘ಬೇಕು’ ಅಲ್ಲ, ಒದಗಿಸ‘ಬಹುದು’! ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಕನ್ನಡವೂ ಒಂದು. ಆದರೆ ‘ಬಹುದು’ ಎಂಬ ಆ ಮೂರಕ್ಷರದ ಸಂದಿಯಲ್ಲಿ ಕಂಪನಿಗಳು ಆನೆಯನ್ನೇ ನುಸುಳಿಸಿದವು.

ಆಮೇಲೆ ಆರೋಗ್ಯ ವಿಮೆಯಲ್ಲಿ ಒಂದು ಬಾಗಿಲು ತೆರೆಯಿತು. 2024ರ ಜನವರಿ 1ರಿಂದ ಆರೋಗ್ಯ ವಿಮೆಯ ಮುಖ್ಯ ಷರತ್ತುಗಳನ್ನು ಸರಳವಾಗಿ ತಿಳಿಸುವ ಮಾಹಿತಿ ಹಾಳೆಯನ್ನು ಗ್ರಾಹಕ ಕೇಳಿದರೆ ಸ್ಥಳೀಯ ಭಾಷೆಯಲ್ಲಿ ಕೊಡಬೇಕು ಎಂದು ಪ್ರಾಧಿಕಾರವೇ ಹೇಳಿತು. ಆಸ್ಪತ್ರೆಯ ಹಾಸಿಗೆಯ ಮೇಲೆ ಮಲಗಿದವನಿಗೆ ತನ್ನ ಭಾಷೆ ಬೇಕು ಎಂದಾದರೆ, ರಾತ್ರಿ ರಸ್ತೆಯ ಮೇಲೆ ಮಕ್ಕಳನ್ನು ಕಟ್ಟಿಕೊಂಡು ನಿಂತವನಿಗೂ ಅದು ಬೇಕಲ್ಲವೇ?

ಇನ್ನು ರಾಜ್ಯ ಸರ್ಕಾರ! ನಾಮಫಲಕದಲ್ಲಿ ಶೇಕಡಾ 60 ಕನ್ನಡ ಇರಬೇಕೆಂದು 2024ರಲ್ಲಿ ಕಾನೂನು ತಿದ್ದಿದರು. ಸಂತೋಷ. ಅದಕ್ಕಾಗಿ ಬೀದಿಗಿಳಿದವರಿಗೆ ನಮಸ್ಕಾರ. ಆದರೆ ಅಂಗಡಿಯ ಹಣೆಯ ಮೇಲೆ ಕನ್ನಡ ಇದ್ದು, ಅಂಗಡಿಯೊಳಗೆ ಸಹಿ ಹಾಕಿಸಿಕೊಳ್ಳುವ ಕಾಗದದಲ್ಲಿ ಕನ್ನಡ ಇಲ್ಲದಿದ್ದರೆ ಅದು ಹಣೆಗೆ ವಿಭೂತಿ, ಕಂಕುಳಲ್ಲಿ ಕತ್ತರಿ. ಹೋರಾಟ ಫಲಕದಿಂದ ಕರಾರಿಗೆ ಇಳಿಯಬೇಕಾದ ಕಾಲ ಇದು.

ಹಣ ಕಟ್ಟುವ ಮುನ್ನ

ಓದುಗರೇ, ಸರ್ಕಾರ ಎಚ್ಚರವಾಗುವವರೆಗೆ ನೀವಾದರೂ ಎಚ್ಚರವಾಗಿರಿ. ಕಾರು, ಟೆಂಪೋ, ಮನೆಗಾಡಿ, ಯಾವುದೇ ಇರಲಿ, ನೆರವಿನ ಯೋಜನೆ ಕೊಳ್ಳುವ ಮುನ್ನ ಇಷ್ಟು ಮಾಡಿ.

1. ಹಣ ಕೊಡುವ ಮೊದಲೇ ಆ ನೆರವಿನ ನಂಬರಿಗೆ ಫೋನ್ ಮಾಡಿ. ಹಗಲಲ್ಲ, ರಾತ್ರಿ ಹನ್ನೊಂದಕ್ಕೆ ಮಾಡಿ. ಕನ್ನಡದಲ್ಲೇ ಮಾತಾಡಿ. ಉತ್ತರ ಕನ್ನಡದಲ್ಲಿ ಬಾರದಿದ್ದರೆ ಆ ಯೋಜನೆ ನಿಮಗಲ್ಲ.

2. “ನಮ್ಮೂರಿಗೆ ಯಾರು ಬರುತ್ತಾರೆ? ಯಾವ ಊರಿಂದ ಬರುತ್ತಾರೆ?” ಎಂದು ಏಜೆಂಟನ್ನು ಕೇಳಿ. ಬೆಂಗಳೂರಿನಲ್ಲಿ ಅರ್ಧ ಗಂಟೆಗೆ ಬರುವ ಯೋಜನೆ ಉಪ್ಪಿನಬೆಟಗೇರಿಗೆ ಬರುತ್ತದೆಂಬ ಖಾತ್ರಿ ಏನು?

3. ನಿಮ್ಮ ಗಾಡಿಯ ಒಟ್ಟು ತೂಕ, ಎತ್ತರ, ಉದ್ದ ಹೇಳಿ, ಇದನ್ನು ಎಳೆಯುತ್ತೀರೋ ಇಲ್ಲವೋ ಎಂದು ಬರವಣಿಗೆಯಲ್ಲಿ ಕೇಳಿ. ಬಾಯಿಮಾತಿಗೆ ಬೆಲೆ ಇಲ್ಲ.

4. ಅವರು ಬಾರದಿದ್ದರೆ, ನಾವೇ ಕರೆಸಿದ ಕ್ರೇನಿನ ರಸೀದಿಗೆ ಹಣ ಕೊಡುತ್ತೀರಾ ಎಂದು ಕೇಳಿ. ಬಹುಮುಖ್ಯ ಪ್ರಶ್ನೆ ಇದೇ.

5. ಹೊಸ ಗಾಡಿಯಾದರೆ ತಯಾರಕರ ನೆರವು ಮೊದಲೇ ಸೇರಿದೆಯೇ ನೋಡಿ. ಇದ್ದರೆ ಒಂದೇ ಸೇವೆಗೆ ಎರಡು ಸಲ ಹಣ ಯಾಕೆ?

6. ರಾಷ್ಟ್ರೀಯ ಹೆದ್ದಾರಿಯಲ್ಲಿ ಕೆಟ್ಟರೆ ಮೊದಲು 1033ಕ್ಕೆ ಫೋನ್ ಮಾಡಿ. ಟೋಲ್ ವಸೂಲಾಗುವ ಹೆದ್ದಾರಿಯಲ್ಲಿ ಗಸ್ತು ಗಾಡಿ, ಆಂಬುಲೆನ್ಸ್, ಕ್ರೇನ್ ಇಡುವುದು ಅವರ ಹೊಣೆ. ಗಾಡಿಯನ್ನು ರಸ್ತೆಯಿಂದ ಸರಿಸುತ್ತಾರೆ, ರಿಪೇರಿ ಮಾಡುವುದಿಲ್ಲ. ಹಳ್ಳಿಯ ರಸ್ತೆಗೆ ಇದು ಬರುವುದಿಲ್ಲ.

7. ಅರ್ಜಿಯ ಕೊನೆಯಲ್ಲಿ ‘ಎಲ್ಲವನ್ನೂ ನನಗೆ ವಿವರಿಸಿದ್ದಾರೆ, ಅರ್ಥವಾಗಿದೆ’ ಎಂಬ ಸಾಲಿದ್ದರೆ, ಅರ್ಥವಾಗದೆ ಅದರ ಕೆಳಗೆ ಸಹಿ ಹಾಕಬೇಡಿ. ಆ ಸಹಿ ನಾಳೆ ನಿಮ್ಮ ಕೊರಳಿಗೇ ಉರುಳು.

ಮೋಸ ಹೋದರೆ ಸುಮ್ಮನೆ ಕೂರಬೇಡಿ. ವಿಮೆಯ ದೂರಿಗೆ ಪ್ರಾಧಿಕಾರದ 155255 ಇದೆ. ಬೆಂಗಳೂರಿನಲ್ಲಿ ವಿಮಾ ಒಂಬುಡ್ಸ್‌ಮನ್ ಕಚೇರಿ ಇದೆ. ನೆರವು ಮಾರಿದ್ದು ವಿಮಾ ಕಂಪನಿಯಲ್ಲದಿದ್ದರೆ ಈ ಎರಡೂ ಬಾಗಿಲು ನಿಮಗೆ ಮುಚ್ಚಿದವು, ಆದರೆ ಗ್ರಾಹಕ ಆಯೋಗದ ಬಾಗಿಲು ತೆರೆದಿದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ಕಂಪನಿ ಮುಂಬೈಯಲ್ಲಿದ್ದರೂ ದೂರನ್ನು ನೀವು ವಾಸಿಸುವ ಜಿಲ್ಲೆಯಲ್ಲೇ ಕೊಡಬಹುದು. ಉಪ್ಪಿನಬೆಟಗೇರಿಯವರಿಗೆ ಧಾರವಾಡವೇ ಸಾಕು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವೂ ಇಲ್ಲ. ಅನ್ಯಾಯದ ಕರಾರು ಎಂಬುದಕ್ಕೆ ಆ ಕಾಯ್ದೆಯಲ್ಲೇ ವ್ಯಾಖ್ಯೆ ಇದೆ. ದೂರನ್ನು ಕನ್ನಡದಲ್ಲೇ ಬರೆದು ಕೊಡಿ!

ನಮ್ಮ ಹಕ್ಕೊತ್ತಾಯ

ಕರ್ನಾಟಕದಲ್ಲಿ ರಸ್ತೆಬದಿ ನೆರವು ಮಾರುವ ಪ್ರತಿ ಕಂಪನಿಯೂ ದಿನದ 24 ಗಂಟೆ ಕನ್ನಡದಲ್ಲಿ ಮಾತಾಡುವ ಮನುಷ್ಯರನ್ನು ಇಡಲಿ. ಆ ಕೆಲಸ ಹುಬ್ಬಳ್ಳಿ-ಧಾರವಾಡದ ಓದಿದ ಹುಡುಗ ಹುಡುಗಿಯರಿಗೆ ಸಿಗಲಿ. ಷರತ್ತುಗಳ ಸಾರ ಕನ್ನಡದಲ್ಲಿ, ಕಣ್ಣಿಗೆ ಕಾಣುವ ಅಕ್ಷರದಲ್ಲಿ, ಹಣ ಕಟ್ಟಿಸಿಕೊಳ್ಳುವ ಮೊದಲೇ ಕೈಗೆ ಬರಲಿ. ಊರುಗಳ ಪಟ್ಟಿಯಲ್ಲಿ ನಮ್ಮ ಊರುಗಳ ಹೆಸರು ಕನ್ನಡ ಲಿಪಿಯಲ್ಲೂ ಇರಲಿ. ಪ್ರಾಧಿಕಾರ ‘ಬಹುದು’ ಎಂಬುದನ್ನು ಅಳಿಸಿ ‘ಬೇಕು’ ಎಂದು ಬರೆಯಲಿ.

ಇದೇನು ಆಕಾಶದ ಚಂದ್ರನನ್ನು ಕೇಳಿದಂತೆಯೇ? 1890ರಲ್ಲಿ ರಾ.ಹ. ದೇಶಪಾಂಡೆಯವರು ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದ್ದು ಇದೇ ಧಾರವಾಡದಲ್ಲಿ. ಮುಂಬೈ ಪ್ರಾಂತ್ಯದ ಆಡಳಿತದ ನೆರಳಲ್ಲಿ, ಮರಾಠಿ ಮೇಲುಗೈ ಆಗಿದ್ದ ಕಾಲದಲ್ಲಿ, ಕನ್ನಡಕ್ಕೆ ಶಾಲೆಯಲ್ಲಿ ಕಚೇರಿಯಲ್ಲಿ ಜಾಗ ಕೇಳಿದ ಮಣ್ಣು ಇದು. ಅಂದು ಶಾಲೆ, ಕಚೇರಿ. ಇಂದು ಫೋನು, ಪಾಲಿಸಿ. ಪ್ರಶ್ನೆ ಮಾತ್ರ ಅದೇ: ನಮ್ಮ ಕಷ್ಟವನ್ನು ನಮ್ಮ ಭಾಷೆಯಲ್ಲಿ ಹೇಳಿಕೊಳ್ಳಲು ನಮಗೆ ಹಕ್ಕಿದೆಯೋ ಇಲ್ಲವೋ?

ಈ ವಾರವೇ ನಿಮ್ಮ ಪಾಲಿಸಿ ಹಾಳೆ ಹೊರಗೆ ತೆಗೆಯಿರಿ. ನಂಬರಿಗೆ ಫೋನ್ ಮಾಡಿ. ಕನ್ನಡ ಇಲ್ಲ ಎಂದರೆ, ಕಂಪನಿಗೆ ಒಂದು ಕಾರ್ಡು, ಪ್ರಾಧಿಕಾರಕ್ಕೆ ಒಂದು ಕಾರ್ಡು, ನಿಮ್ಮ ಶಾಸಕರಿಗೆ ಒಂದು ಕಾರ್ಡು ಬರೆಯಿರಿ. “ಮುಂದಿನ ವರ್ಷ ಕನ್ನಡ ಇದ್ದರೆ ಮಾತ್ರ ಹಣ” ಎಂಬ ಒಂದೇ ಸಾಲು ಸಾಕು. ಊರಿಗೊಂದು ನೂರು ಕಾರ್ಡು ಹೋಗಲಿ. ನಮ್ಮ ಹಣ ನಿಂತರೆ ಅವರ ಗಾಡಿಯೂ ಕೆಟ್ಟು ನಿಲ್ಲುತ್ತದೆ. ಆಗ ನೆರವಿಗೆ ಯಾರನ್ನು ಕರೆಯುತ್ತಾರೋ, ಯಾವ ಭಾಷೆಯಲ್ಲಿ ಕರೆಯುತ್ತಾರೋ ನೋಡೋಣ!

ಸಿರಿಗನ್ನಡಂ ಗೆಲ್ಗೆ!